ಹಲವು ಸೂರ್ಯರ ಚಿತ್ರ

ಇನ್ನೂ ಕಟ್ಟದ ಊರನ್ನು, ಇನ್ನೂ ಹುಟ್ಟದ ಪ್ರಾಣಿಯನ್ನು, ನಿರ್ದೇಶಕನ ಮನಸ್ಸಿನಲ್ಲಿ ಮಸುಕಾಗಿ ಮಾತ್ರ ಸುಳಿದಾಡುತ್ತಿರುವ ಯುದ್ಧಭೂಮಿಯ ಒಂದು ಬೆಳಗನ್ನು ಮುಂದಾಗಿಯೇ ಬರೆದು ತೋರಿಸತಕ್ಕ ಕಲಾವಿದರ ವರ್ಗವೊಂದು, ಚಲನಚಿತ್ರದ ಆಶ್ರಯದಲ್ಲಿ ಹುಟ್ಟಿ, ವಿಡಿಯೋ ಗೇಮುಗಳ ಆಶ್ರಯದಲ್ಲಿ ಪುಷ್ಟಿಗೊಂಡು, ಇಂದು ಜಗತ್ತಿನ ನಾನಾ ನಗರಗಳಲ್ಲಿ ಹರಡಿಕೊಂಡಿದೆ. ಕಾನ್ಸೆಪ್ಟ್ ಆರ್ಟ್ ಎಂಬ ಹೆಸರಿನಿಂದ ನಡೆಯುವ ಈ ವೃತ್ತಿಯಲ್ಲಿ ಹಿಂದೆ ಪೆನ್ಸಿಲು, ಮಾರ್ಕರು, ಕುಂಚ ಇವುಗಳೇ ಪ್ರಧಾನ ಸಾಧನಗಳಾಗಿದ್ದುವು. ಈಗಲಾದರೋ ಈ ಕಲಾವಿದರಲ್ಲಿ ಬಹುಮಂದಿ ಹಲವು ಛಾಯಾಚಿತ್ರಗಳನ್ನು ಗಣಕಯಂತ್ರದ ತೆರೆಯ ಮೇಲೆ ಕತ್ತರಿಸಿ, ಒಂದರ ಮೇಲೊಂದನ್ನು ಹೊದಿಸಿ, ಬೇಕಾದ ಕಡೆ ಹಿಗ್ಗಿಸಿ, ಬೇಡದ ಕಡೆ ಅಳಿಸಿ, ಮೇಲೆ ಒಂದಿಷ್ಟು ಬಣ್ಣ ತೇಲಿಸಿ, ಕೆಲವೇ ಗಂಟೆಗಳಲ್ಲಿ ಒಂದು ಲೋಕವನ್ನು ನಿರ್ಮಿಸಿಬಿಡುತ್ತಾರೆ. ಆ ಕಸುಬಿನವರ ಬಾಯಲ್ಲಿ ಇದರ ಹೆಸರು ಫೋಟೋಬ್ಯಾಷ್. ಇದು ಕಲೆಯೇ ಅಲ್ಲ, ಕತ್ತರಿಯ ಕೆಲಸ ಎಂದು ಮೂಗುಮುರಿಯುವವರು ಒಂದು ಕಡೆ. ಕೈಯಿಂದ ಚಿತ್ರ ಬರೆಯುವ ಕಾಲ ಮುಗಿಯಿತು, ಇನ್ನು ಇದೇ ದಾರಿ ಎಂದು ಸಾರುವವರು ಇನ್ನೊಂದು ಕಡೆ. ಉಭಯಪಕ್ಷದವರೂ ಈ ಪದ್ಧತಿಗೆ ಒಂದು ಪೂರ್ವಚರಿತ್ರೆ ಉಂಟೆಂಬುದನ್ನು ಮರೆತು ಮಾತನಾಡುತ್ತಾರೆಂಬುದೂ, ಇದರ ಗುಣದೋಷಗಳ ನಿರ್ಣಯಕ್ಕೆ ಬೇಕಾದ ಒರೆಗಲ್ಲು ಆ ಚರಿತ್ರೆಯಲ್ಲಿಯೇ ದೊರೆಯುತ್ತದೆಂಬುದೂ ನನ್ನ ಅಭಿಪ್ರಾಯ.

ಆ ಚರಿತ್ರೆ ಫೋಟೋಶಾಪಿನಿಂದ ಮೊದಲಾಗುವುದಿಲ್ಲ. ಸ್ವೀಡನ್ನಿನಿಂದ ಬಂದು ಇಂಗ್ಲೆಂಡಿನಲ್ಲಿ ನೆಲಸಿದ್ದ ಆಸ್ಕರ್ ರೈಲಾಂಡರ್ ಎಂಬ ಛಾಯಾಗ್ರಾಹಕನು 1857ರಲ್ಲಿ, ಜೀವನದ ಎರಡು ಮಾರ್ಗಗಳೆಂಬ ಅರ್ಥದ ಹೆಸರುಳ್ಳ ಒಂದು ದೊಡ್ಡ ಚಿತ್ರವನ್ನು ಮ್ಯಾಂಚೆಸ್ಟರಿನ ಕಲಾಪ್ರದರ್ಶನದಲ್ಲಿ ಇಟ್ಟನು. ನಡುವೆ ವೃದ್ಧನೊಬ್ಬ; ಅವನ ಎರಡು ಪಕ್ಕಗಳಲ್ಲಿ ಇಬ್ಬರು ತರುಣರು; ಒಂದು ಬದಿಯಲ್ಲಿ ಜೂಜು, ಮದ್ಯ, ವಿಲಾಸಿನಿಯರು; ಇನ್ನೊಂದು ಬದಿಯಲ್ಲಿ ಅಧ್ಯಯನ, ಶ್ರಮ, ಭಕ್ತಿ. ಅಷ್ಟು ಮಂದಿಯನ್ನು ಒಮ್ಮೆಗೇ ನಿಲ್ಲಿಸಿ ಚಿತ್ರ ತೆಗೆಯುವುದು ಅಂದಿನ ಕ್ಯಾಮೆರಾಕ್ಕೆ ಅಸಾಧ್ಯವಾಗಿದ್ದುದರಿಂದ, ಆತನು ಮೂವತ್ತಕ್ಕೂ ಮೀರಿದ ನೆಗೆಟಿವುಗಳನ್ನು ಬೇರೆಬೇರೆಯಾಗಿ ತೆಗೆದು, ಒಂದನ್ನು ಅಚ್ಚೊತ್ತುವಾಗ ಉಳಿದ ಭಾಗವನ್ನೆಲ್ಲ ಮರೆಮಾಡಿ, ವಾರಗಟ್ಟಲೆ ದುಡಿದು ಅವೆಲ್ಲವನ್ನೂ ಒಂದೇ ಚಿತ್ರಪಟವಾಗಿ ಹೊಂದಿಸಿದನು. ವಿಕ್ಟೋರಿಯಾ ರಾಣಿ ಅದರ ಪ್ರತಿಯನ್ನು ಕೊಂಡಳು. ಸ್ಕಾಟ್ಲೆಂಡಿನ ಛಾಯಾಗ್ರಾಹಕರ ಸಂಘದಲ್ಲಾದರೆ ನಗ್ನಾಕೃತಿಗಳ ಕಾರಣದಿಂದ ದೊಡ್ಡ ಗದ್ದಲವೇ ಎದ್ದಿತು. ವರ್ಣಚಿತ್ರದಲ್ಲಿ ಅದಕ್ಕಿಂತ ಹೆಚ್ಚಿನ ನಗ್ನತೆಯನ್ನು ನಿರ್ವಿಕಾರವಾಗಿ ನೋಡುತ್ತಿದ್ದ ಸಭ್ಯರಿಗೆ ಇಲ್ಲಿ ಮಾತ್ರ ಕಣ್ಣು ಉರಿದುದೇಕೆ? ವರ್ಣಚಿತ್ರದ ಸ್ತ್ರೀ ಕಲ್ಪನೆಯ ಸ್ತ್ರೀ; ಈ ಸ್ತ್ರೀಯಾದರೋ ಯಾವುದೋ ಬೀದಿಯಲ್ಲಿ ವಾಸವಾಗಿದ್ದು, ಕೂಲಿ ಪಡೆದು, ಈತನ ಕ್ಯಾಮೆರಾದ ಎದುರಿಗೆ ನಿಂತವಳು. ಛಾಯಾಚಿತ್ರದ ತುಂಡು ಎಷ್ಟೇ ಕಲ್ಪಿತವಾದ ಪ್ರಸಂಗದೊಳಕ್ಕೆ ಸೇರಿದರೂ ತಾನು ಹಿಂದೆ ಕಂಡುದನ್ನು ನುಡಿಯದೆ ಬಿಡುವುದಿಲ್ಲ. ಈ ಪದ್ಧತಿಯ ಶಕ್ತಿಯೂ ಸಂಕಟವೂ ಅಲ್ಲಿಯೇ ಇದೆ.

ರೈಲಾಂಡರನ ಜಾಡಿನಲ್ಲೇ ನಡೆದ ಹೆನ್ರಿ ಪೀಚ್ ರಾಬಿನ್ಸನ್ 1858ರಲ್ಲಿ ಐದು ನೆಗೆಟಿವುಗಳಿಂದ, ಕ್ಷಯದಿಂದ ಸಾಯುತ್ತಿರುವ ಹುಡುಗಿಯ ಚಿತ್ರವೊಂದನ್ನು ರಚಿಸಿದನು. ಅದಕ್ಕೂ ಆಕ್ಷೇಪ ಬಂದಿತು. ಇಂಥ ದುಃಖವನ್ನು ಕ್ಯಾಮೆರಾದಿಂದ ತೋರಿಸಬಾರದೆಂದು. ಇದರಲ್ಲಿ ವಿಮರ್ಶಕನು ಲಕ್ಷ್ಯವಿಡಬೇಕಾದುದು ಆ ಗದ್ದಲಕ್ಕಿಂತ ಮಿಗಿಲಾಗಿ ರಾಬಿನ್ಸನ್ನನ ಕಾರ್ಯಕ್ರಮ. ಆತನು ಮೊದಲು ತನ್ನ ಚಿತ್ರದ ಕರಡನ್ನು ಕೈಯಿಂದ ಬರೆದುಕೊಳ್ಳುತ್ತಿದ್ದನು. ಆಕೃತಿ ಎಲ್ಲಿ, ನೆರಳು ಎಲ್ಲಿ, ಕಣ್ಣು ಮೊದಲು ಹೋಗಿ ನಿಲ್ಲಬೇಕಾದ ಜಾಗ ಎಲ್ಲಿ ಎಂಬುದನ್ನು ರೇಖೆಯಲ್ಲಿ ನಿಶ್ಚಯಿಸಿ, ಆ ನಿಶ್ಚಯಕ್ಕೆ ಅನುಗುಣವಾಗಿ ಒಂದೊಂದು ಭಾಗವನ್ನೂ ಛಾಯಾಚಿತ್ರವಾಗಿ ತೆಗೆದು ಅದರೊಳಕ್ಕೆ ಕೂರಿಸುತ್ತಿದ್ದನು. ಕರಡಿನ ನಡುವೆ ಛಾಯಾಚಿತ್ರದ ತುಂಡನ್ನು ಅಂಟಿಸಿದ್ದ ಆತನ ಹಾಳೆಯೊಂದು ಇಂದಿಗೂ ಉಳಿದುಬಂದಿದೆ. ರೇಖೆ ಮೊದಲು, ಛಾಯಾಚಿತ್ರ ಅನಂತರ. ಈ ಕ್ರಮ ನೆಟ್ಟಗಿದ್ದಲ್ಲೆಲ್ಲ ಈ ಸಂಪ್ರದಾಯ ಸತ್ತ್ವಶಾಲಿಯಾಗಿದೆ. ಇದು ತಲೆಕೆಳಗಾದಲ್ಲಿ ಎಷ್ಟು ಬೆರಗುಗೊಳಿಸಿದರೂ ಟೊಳ್ಳಾಗಿದೆ. ಮುಂದಿನ ವಿವೇಚನೆಯೆಲ್ಲ ಈ ಒಂದು ಮಾತಿನ ವಿಸ್ತರಣೆಯೆಂದು ವಾಚಕರು ತಿಳಿಯಬಹುದು.

ನಡುವಣ ನೂರು ವರ್ಷಗಳನ್ನು ಬೇಗನೆ ದಾಟೋಣ. ನಾರ್ಮನ್ ಡಾನ್ ಎಂಬಾತನು 1907ರಲ್ಲಿ ಕ್ಯಾಲಿಫೋರ್ನಿಯದ ಹಳೆಯ ಕ್ರೈಸ್ತಮಠಗಳನ್ನು ಕುರಿತ ಚಲನಚಿತ್ರಕ್ಕಾಗಿ, ಕ್ಯಾಮೆರಾದ ಮುಂದೆ ಗಾಜೊಂದನ್ನು ನಿಲ್ಲಿಸಿ, ಕುಸಿದುಹೋಗಿದ್ದ ಛಾವಣಿಗಳನ್ನೂ ಕಮಾನುಗಳನ್ನೂ ಆ ಗಾಜಿನ ಮೇಲೆ ಬಣ್ಣದಿಂದ ಬರೆದು, ಹಾಳುಬಿದ್ದ ಕಟ್ಟಡವು ಅಖಂಡವಾಗಿ ಕಾಣುವಂತೆ ಮಾಡಿದನು. ಅಲ್ಲಿಂದ ಬೆಳೆದ ಮ್ಯಾಟ್ ಪೇಂಟಿಂಗ್ ವಿದ್ಯೆ ಪೀಟರ್ ಎಲೆನ್‌ಶಾ, ಆಲ್ಬರ್ಟ್ ವಿಟ್ಲಾಕ್ ಮುಂತಾದವರ ಕೈಯಲ್ಲಿ ಪರಾಕಾಷ್ಠೆಗೆ ಮುಟ್ಟಿತು. ಬರ್ಲಿನ್ನಿನ ಹಾನಾ ಹೋಖ್, ಜಾನ್ ಹಾರ್ಟ್‌ಫೀಲ್ಡ್ ಮೊದಲಾದವರು ಪತ್ರಿಕೆಯ ಛಾಯಾಚಿತ್ರಗಳನ್ನು ಕತ್ತರಿಸಿ ರಚಿಸಿದ ಕೃತಿಗಳನ್ನು ಇದೇ ವಂಶಕ್ಕೆ ಸೇರಿಸುವವರುಂಟು. ನಾನು ಒಪ್ಪಲಾರೆ. ಆ ಬರ್ಲಿನ್ನಿನವರು ನಮ್ಮ ಉತ್ತರ ಕರ್ನಾಟಕದ ಕೌದಿಯಂತೆ ಹೊಲಿಗೆಯನ್ನೇ ಅಲಂಕಾರವಾಗಿ ಮೆರೆಸಿದವರು. ಫೋಟೋಬ್ಯಾಷಿನವರು ಹೊಲಿಗೆ ಕಂಡಿತೆಂದರೆ ಸೋತೆವೆಂದು ತಿಳಿಯುವವರು.

ಇನ್ನು ಯಂತ್ರದ ಕಥೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಥಾಮಸ್ ನೋಲ್, ಚಲನಚಿತ್ರದ ದೃಶ್ಯಚಮತ್ಕಾರಗಳಿಗೆ ಹೆಸರಾದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಆತನ ಸಹೋದರ ಜಾನ್ ನೋಲ್, ಇವರಿಬ್ಬರು 1987ರಲ್ಲಿ ಆರಂಭಿಸಿದ ಕೆಲಸವು 1990ರಲ್ಲಿ ಫೋಟೋಶಾಪ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. 1994ರ ಮೂರನೆಯ ಆವೃತ್ತಿಯಲ್ಲಿ ಲೇಯರುಗಳ ಸೌಕರ್ಯ ಸೇರಿತು. ಅದರಿಂದ ರೈಲಾಂಡರನು ವಾರಗಟ್ಟಲೆ ಕತ್ತಲೆಕೋಣೆಯಲ್ಲಿ ಪಟ್ಟ ಪಾಡು ಬೆರಳ ತುದಿಯ ಆಟವಾಯಿತು; ಒಂದು ತುಂಡನ್ನು ಇಟ್ಟು ನೋಡಿ ಸರಿಬೀಳದಿದ್ದರೆ ಕೆಳಗಿನದಕ್ಕೆ ಕುಂದಾಗದಂತೆ ತೆಗೆದುಬಿಡಬಹುದಾಯಿತು. ಹೀಗೆ ತಪ್ಪಿಗೆ ಬೆಲೆಯಿಲ್ಲದೆ ಹೋದದ್ದು ಈ ಕಲೆಗೆ ವರವೂ ಆಯಿತು, ಶಾಪವೂ ಆಯಿತು. ಫೋಟೋಬ್ಯಾಷ್ ಎಂಬ ಹೆಸರಿನ ಹಿಂದೆಯೂ ಚಲನಚಿತ್ರದ ಮಾದರಿಕಾರರ ಪದ್ಧತಿಯೊಂದಿದೆ. 1977ರ ಸ್ಟಾರ್ ವಾರ್ಸ್ ಚಿತ್ರದ ಆಕಾಶನೌಕೆಗಳ ಮೈಮೇಲೆ ಕಾಣುವ ಅಸಂಖ್ಯ ಯಂತ್ರಾವಯವಗಳು, ಮಕ್ಕಳು ಜೋಡಿಸುವ ಟ್ಯಾಂಕು, ವಿಮಾನಗಳ ಪ್ಲಾಸ್ಟಿಕ್ ಮಾದರಿಗಳಿಂದ ಕಿತ್ತು ಅಂಟಿಸಿದ ಚೂರುಗಳೇ. ಆದರೆ ಅಲ್ಲಿಯೂ ನೌಕೆಯ ಹೊರರೇಖೆಯನ್ನು ಬೇರೆ ಕಲಾವಿದರು ಮೊದಲೇ ನಿರ್ಧರಿಸಿದ್ದರು. ಚೂರುಗಳು ಆ ರೇಖೆಯ ಒಳಗೆ ಮೈತುಂಬುವ ಕೆಲಸವನ್ನಷ್ಟೇ ಮಾಡಿದುವು. ವಿಮಾನ ಕಾರ್ಖಾನೆಯಲ್ಲಿ ಚಿತ್ರಕಾರನಾಗಿದ್ದು ಬಂದ ರಾಲ್ಫ್ ಮೆಕ್ವಾರಿಯ ವರ್ಣಚಿತ್ರಗಳನ್ನು ನೋಡಿದವರಿಗೆ ಈ ಮಾತಿನ ಅರ್ಥ ಕೂಡಲೇ ಹೊಳೆಯುತ್ತದೆ.

ಈ ಕೆಲಸ ನಡೆಯುವ ಬಗೆಯನ್ನು ತುಸು ಹತ್ತಿರದಿಂದ ನೋಡದೆ ಅದರ ಬೆಲೆ ಕಟ್ಟುವುದು ನ್ಯಾಯವಲ್ಲ. ಕಡಿದಾದ ಬಂಡೆಯ ಮಗ್ಗುಲಲ್ಲಿ ನೆಲಸಿದ ಬಂದರಿನ ಊರೊಂದು ಬೇಕು, ಹೊತ್ತು ಸಾಯಂಕಾಲ, ಸಂಜೆಯೊಳಗೆ ಚಿತ್ರ ಕೈಸೇರಬೇಕು ಎಂದು ಅಪ್ಪಣೆಯಾಗಿದೆಯೆನ್ನಿ. ಬಲ್ಲ ಕಲಾವಿದನು ಛಾಯಾಚಿತ್ರಗಳ ಕಡತವನ್ನು ಕೂಡಲೇ ತೆರೆಯುವುದಿಲ್ಲ. ಅಂಗೈಗಿಂತ ಕಿರಿದಾದ ಚೌಕಟ್ಟಿನಲ್ಲಿ ಕಪ್ಪು, ಬಿಳುಪು, ನಡುವೆ ಎರಡು ಬೂದುಛಾಯೆ, ಇಷ್ಟರಿಂದಲೇ ಬಂಡೆ, ಊರು, ಕಡಲು, ಬಾನು ಎಂಬ ನಾಲ್ಕು ರಾಶಿಗಳನ್ನು ಹಂಚುತ್ತಾನೆ. ಥಂಬ್‌ನೇಲ್ ಎಂದು ಕರೆಯುವ ಈ ಪುಟ್ಟ ಕರಡುಗಳನ್ನು ನಾಲ್ಕಾರು ಬಗೆಯಾಗಿ ಬರೆದು ಒಂದನ್ನು ಆರಿಸುತ್ತಾನೆ. ಆಮೇಲೆ ದಿಗಂತರೇಖೆಯನ್ನು ಎಳೆದು ನೋಡುವವನ ಕಣ್ಣಿನ ಎತ್ತರವನ್ನು ಗೊತ್ತುಮಾಡುತ್ತಾನೆ. ಆ ಬಳಿಕವೇ ಛಾಯಾಚಿತ್ರಗಳ ಸರದಿ.

ತೊಂದರೆ ಮೊದಲಾಗುವುದು ಆಗ. ಬಂಡೆಯ ಚಿತ್ರ ದೂರದಿಂದ, ಉದ್ದದ ಲೆನ್ಸಿನಲ್ಲಿ ತೆಗೆದದ್ದು. ಆದುದರಿಂದ ಅದರ ಆಳ ಚಪ್ಪಟೆಯಾಗಿದೆ. ಮನೆಗಳ ಚಿತ್ರ ಇಕ್ಕಟ್ಟಾದ ಬೀದಿಯಲ್ಲಿ ನಿಂತು ಅಗಲದ ಲೆನ್ಸಿನಲ್ಲಿ ತೆಗೆದದ್ದು; ಅದರ ಗೋಡೆಗಳು ಅಂಚಿನ ಕಡೆಗೆ ವಾಲಿವೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಇಬ್ಬರು ಮನುಷ್ಯರ ಕಣ್ಣುಗಳನ್ನು ಒಂದೇ ಮುಖದಲ್ಲಿ ಇಟ್ಟಂತಾಗುತ್ತದೆ. ನೆಲದ ಮೇಲೆ ನಿಂತವನು ತೆಗೆದ ಮನೆಗೆ ಛಾವಣಿಯ ಮೇಲ್ಭಾಗವೇ ಇಲ್ಲ. ನಮ್ಮ ಚಿತ್ರವಾದರೋ ಬಂಡೆಯ ನೆತ್ತಿಯಿಂದ ಕೆಳಗೆ ನೋಡಬೇಕಾದದ್ದು. ಬೆಳಕು ಎಡಗಡೆಯಿಂದ ಬೀಳಬೇಕೆಂದು ಕಟ್ಟಡದ ಚಿತ್ರವನ್ನು ಅಡ್ಡಲಾಗಿ ತಿರುವಿದರೆ ಬೆಳಕೇನೋ ಸರಿಹೋಗುತ್ತದೆ, ಆದರೆ ಅಂಗಡಿಯ ಹಲಗೆಯ ಮೇಲಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗುತ್ತವೆ. ದೂರದ ವಸ್ತುಗಳ ನೆರಳು ಎಂದೂ ಅಪ್ಪಟ ಕಪ್ಪಾಗಿರುವುದಿಲ್ಲ, ನಡುವಣ ಗಾಳಿಯ ತೇವವೂ ಧೂಳೂ ಅದನ್ನು ನೀಲಿಬೂದಿಗೆ ಎತ್ತುತ್ತವೆ. ಸಮೀಪದಲ್ಲಿ ತೆಗೆದ ಗೋಡೆಯೊಂದನ್ನು ದೂರದಲ್ಲಿ ಕೂರಿಸುವಾಗ ಅದರ ಕಪ್ಪನ್ನು ಅಷ್ಟೇ ಪ್ರಮಾಣಕ್ಕೆ ಎತ್ತದಿದ್ದರೆ ಆ ಗೋಡೆ ಕಡಲನ್ನು ಹಾರಿ ನಮ್ಮ ಮೂಗಿನ ಮುಂದೆ ಬಂದು ನಿಲ್ಲುತ್ತದೆ. ಎಲ್ಲಕ್ಕಿಂತ ಕಠಿನವಾದದ್ದು ಸಜ್ಜಾದ ಕೆಳಗಿನ ನೆರಳು. ಬಣ್ಣವನ್ನು ಕೇಸರಿಗೆ ತಿರುಗಿಸಿ ಮಧ್ಯಾಹ್ನವನ್ನು ಸಂಜೆಯೆನಿಸಬಹುದು. ಆದರೆ ನೆತ್ತಿಯ ಮೇಲಿನ ಸೂರ್ಯ ಸಜ್ಜಾದ ಕೆಳಗೆ ನೇರವಾಗಿ ಇಳಿಸಿದ ಆ ಗಿಡ್ಡ ನೆರಳು ಯಾವ ಬಣ್ಣಕ್ಕೂ ಅಂಜದೆ, ತಾನು ಮಧ್ಯಾಹ್ನದ ಮಗುವೆಂದು ಕೂಗಿ ಹೇಳುತ್ತಿರುತ್ತದೆ. ಅದನ್ನು ಕುಂಚದಿಂದಲೇ ಅಳಿಸಿ ಹೊಸ ನೆರಳನ್ನು ಬರೆಯಬೇಕು. ಬರೆಯಬೇಕಾದರೆ ಸಂಜೆಯ ನೆರಳು ಗೋಡೆಯ ಮೇಲೆ ಹೇಗೆ ಓರೆಯಾಗಿ ಬೀಳುತ್ತದೆಂಬುದು ತಿಳಿದಿರಬೇಕು. ತಿಳಿದಿದ್ದವನಿಗೆ ಛಾಯಾಚಿತ್ರವಿಲ್ಲದೆಯೂ ನಡೆಯುತ್ತಿತ್ತಷ್ಟೆ!

ಈ ಕಾರಣದಿಂದ ಇಂಥ ಚಿತ್ರಗಳನ್ನು ನೋಡುವಾಗ ನಾನು ಮೊದಲು ಎಣಿಸುವುದು ಸೂರ್ಯರನ್ನು. ಕೌಶಲವಿಲ್ಲದ ಕೃತಿಯಲ್ಲಿ ಗೋಪುರಕ್ಕೊಬ್ಬ, ಹಡಗಿಗೊಬ್ಬ, ಮುಂದೆ ಬೆನ್ನು ತಿರುಗಿಸಿ ನಿಂತ ವೀರನಿಗೊಬ್ಬ, ಹೀಗೆ ಮೂರು ನಾಲ್ಕು ಸೂರ್ಯರು ಏಕಕಾಲದಲ್ಲಿ ಉದಯಿಸಿರುತ್ತಾರೆ. ಅದನ್ನು ಮುಚ್ಚುವುದಕ್ಕಾಗಿ ಮಂಜು, ಹೊಗೆ, ಹಾರುವ ಕಿಡಿಗಳು ಧಾರಾಳವಾಗಿ ಬಂದಿರುತ್ತವೆ. ಉತ್ತಮ ಕೃತಿಯಲ್ಲಿ ಸೂರ್ಯನೊಬ್ಬನೇ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಹೆಸರು ಕೊಟ್ಟ ಕೆ. ವೆಂಕಟಪ್ಪನವರು ಬರೆದ ಉದಕಮಂಡಲದ ಜಲವರ್ಣಚಿತ್ರಗಳ ಮುಂದೆ ಹೋಗಿ ನಿಂತರೆ ಒಂದು ಹೊತ್ತಿನ ಒಂದು ಬೆಳಕು ಬೆಟ್ಟ, ಮರ, ಮೋಡ ಎಲ್ಲವನ್ನೂ ಆಳುವುದೆಂದರೇನು ಎಂಬುದು ಮಾತಿಲ್ಲದೆ ಮನವರಿಕೆಯಾಗುತ್ತದೆ. ಕ್ರೇಗ್ ಮಲಿನ್ಸ್ ಎಂಬ ಅಮೆರಿಕದ ಕಲಾವಿದನನ್ನು ಗಣಕಚಿತ್ರಕಲೆಯ ಆದ್ಯರಲ್ಲೊಬ್ಬನೆಂದು ಆ ಕ್ಷೇತ್ರದವರೆಲ್ಲ ಮನ್ನಿಸುವುದು ಇದೇ ಗುಣಕ್ಕಾಗಿ. ದೂರದಿಂದ ಛಾಯಾಚಿತ್ರದ ನಂಬಿಕೆಯನ್ನು ಹುಟ್ಟಿಸುವ ಆತನ ಚಿತ್ರಗಳು ಹತ್ತಿರಕ್ಕೆ ಹೋದರೆ ನಾಲ್ಕು ಕುಂಚದ ಬೀಸುಗಳಾಗಿ ಚದರಿಹೋಗುತ್ತವೆ. ಎಲ್ಲಿ ಕಣ್ಣು ನಿಲ್ಲಬೇಕೋ ಅಲ್ಲಿ ಮಾತ್ರ ವಿವರ, ಉಳಿದೆಡೆ ಮೌನ. ಛಾಯಾಚಿತ್ರಕ್ಕೆ ಈ ಮೌನ ಗೊತ್ತಿಲ್ಲ. ಇಟ್ಟಿಗೆಯ ಪ್ರತಿಯೊಂದು ಬಿರುಕನ್ನೂ ಅದು ಸಮಾನವಾದ ಭಕ್ತಿಯಿಂದ ನಿವೇದಿಸುತ್ತದೆ. ಮಲಿನ್ಸನನ್ನು ಗುರುವೆಂದು ಕರೆದುಕೊಂಡ ಸಾವಿರಾರು ಶಿಷ್ಯರಲ್ಲಿ ಬಹುಮಂದಿ ಅವನ ವೇಗವನ್ನು ಕಲಿತರು, ಈ ಮೌನವನ್ನು ಕಲಿಯಲಿಲ್ಲ.

ಹಲವು ಸೂರ್ಯರಿರುವುದು ಎಲ್ಲ ಕಡೆಯಲ್ಲಿಯೂ ದೋಷವೇ ಎಂದು ಕೇಳಬಹುದು. ಅಲ್ಲ. ರಾಜಸ್ಥಾನದ ನಾಥದ್ವಾರದಲ್ಲಿ ಶ್ರೀನಾಥಜಿಯ ದರ್ಶನಕ್ಕೆ ಬಂದ ಯಾತ್ರಿಕರು ಮನೋರಥಚಿತ್ರಗಳೆಂಬುವನ್ನು ಬರೆಯಿಸುತ್ತಿದ್ದರು. ದೇವರು, ಮಂಟಪ, ಗೋವುಗಳು, ಅರ್ಚಕರು, ಭಕ್ತರ ಅಂಗಿ ಪಗಡಿಗಳು ಇವೆಲ್ಲ ಚಿತ್ರಕಾರನ ಕುಂಚದಿಂದ. ಭಕ್ತರ ಮುಖ ಮಾತ್ರ ಸ್ಟುಡಿಯೋದಲ್ಲಿ ತೆಗೆಯಿಸಿದ ಛಾಯಾಚಿತ್ರದಿಂದ ಕತ್ತರಿಸಿ ಅಂಟಿಸಿದ್ದು. ನೆರಳನ್ನೇ ಅರಿಯದ ಚಪ್ಪಟೆಯಾದ ವರ್ಣದೇಹದ ಮೇಲೆ, ಒಂದು ಕೆನ್ನೆಯಲ್ಲಿ ಸ್ಟುಡಿಯೋದ ಬೆಳಕು, ಇನ್ನೊಂದು ಕೆನ್ನೆಯಲ್ಲಿ ನೆರಳು ಹೊತ್ತ ಮುಖ! ಆದರೂ ಆ ಚಿತ್ರ ಒಡೆದುಹೋದಂತೆ ತೋರುವುದಿಲ್ಲ. ಅಲ್ಲಿ ಬೇಕಾಗಿದ್ದುದು ಭ್ರಾಂತಿಯಲ್ಲ, ಸಾಕ್ಷ್ಯ. ಇಂಥವನು ಸ್ವಾಮಿಯ ಸನ್ನಿಧಿಯಲ್ಲಿ ಕೈಮುಗಿದು ನಿಂತಿದ್ದನು ಎಂಬ ಸಾಕ್ಷ್ಯ. ಅದಕ್ಕೆ ಮುಖವೊಂದು ದಿಟವಾಗಿದ್ದರೆ ಸಾಕು. (ನಮ್ಮ ಊರುಗಳ ವೃತ್ತಗಳಲ್ಲಿ ಏಳುವ ಹುಟ್ಟುಹಬ್ಬದ ಫ್ಲೆಕ್ಸುಗಳೂ ಈ ನ್ಯಾಯದಂತೆಯೇ ನಡೆಯುತ್ತವೆಯೆಂದು ತೋರುತ್ತದೆ: ನಾಯಕರ ಹಿಂದೆ ಸಿಂಹ, ಮೇಲೆ ಹಿರಿಯ ನಾಯಕರ ವೃತ್ತಾಕಾರದ ಮುಖಗಳು, ಕೆಳಗೆ ಕಾಣಿಕೆಯ ಮೊತ್ತಕ್ಕೆ ತಕ್ಕಂತೆ ಕಿರಿದಾಗುತ್ತ ಹೋಗುವ ಅಭಿಮಾನಿಗಳ ಸಾಲು, ಮುಖಕ್ಕೊಬ್ಬ ಸೂರ್ಯ. ಸಿಂಹವೂ ಸೇರಿ ಯಾರೊಬ್ಬರೂ ಪರಸ್ಪರ ನೋಡುತ್ತಿರುವುದಿಲ್ಲ.) ಫೋಟೋಬ್ಯಾಷಾದರೋ ಭ್ರಾಂತಿಯನ್ನೇ ಉದ್ದೇಶಿಸಿದ್ದು, ಆದುದರಿಂದ ಭ್ರಾಂತಿಯ ನಿಯಮಗಳಿಗೆ ಅದು ಉತ್ತರ ಕೊಡಲೇಬೇಕು.

ಫ್ಲೆಕ್ಸು ಬರುವುದಕ್ಕೆ ಮುಂಚೆ ಬೆಂಗಳೂರಿನ ಗಾಂಧಿನಗರದ ಚಿತ್ರಮಂದಿರಗಳ ಮುಂದೆ ನಿಲ್ಲುತ್ತಿದ್ದ ಬ್ಯಾನರುಗಳನ್ನು ಬರೆದವರೂ ಛಾಯಾಚಿತ್ರದಿಂದಲೇ ಕೆಲಸ ಮಾಡಿದವರು. ಅಂಗೈಯಗಲದ ಸ್ಟಿಲ್ಲಿನ ಮೇಲೆ ಚೌಕ ಹಾಕಿ, ಅದೇ ಚೌಕಗಳನ್ನು ಬಟ್ಟೆಯ ಮೇಲೆ ಹತ್ತಾರು ಅಡಿಗಳಿಗೆ ಹಿಗ್ಗಿಸಿ, ನಾಯಕನ ಕೆನ್ನೆಗೆ ಗುಲಾಬಿ, ದವಡೆಯ ನೆರಳಿಗೆ ಹಸಿರು ಇಲ್ಲವೆ ನೀಲಿ ಬಳಿದು, ಬೀದಿಯ ಆಚೆಯ ಬಸ್ಸಿನಲ್ಲಿ ಕುಳಿತವನಿಗೂ ಕಾಣುವಂತೆ ಮಾಡುತ್ತಿದ್ದರು. ಕಲಬುರಗಿಯಲ್ಲಿ 1916ರಲ್ಲಿ ಜನಿಸಿ ಮುಂಬಯಿಯಲ್ಲಿ ಸಿನಿಮಾ ಪ್ರಚಾರಚಿತ್ರಗಳಿಂದಲೂ ಪೌರಾಣಿಕ ಕ್ಯಾಲೆಂಡರುಗಳಿಂದಲೂ ಪ್ರಸಿದ್ಧರಾದ ಎಸ್. ಎಂ. ಪಂಡಿತರು ಸಿನಿಮಾದ ಚಿತ್ರಕ್ಕೂ ತೈಲವರ್ಣದ ಪಾಂಡಿತ್ಯವನ್ನು ತಂದವರು. ಇವರಲ್ಲಿ ಯಾರೂ ಛಾಯಾಚಿತ್ರವನ್ನು ಕೃತಿಯೊಳಕ್ಕೆ ಹಾಗೆಯೇ ಎತ್ತಿಡಲಿಲ್ಲ. ಅದು ಕೈಯ ಮೂಲಕ ಹಾದುಬಂದಿತು, ಹಾದುಬರುವಾಗ ಬದಲಾಯಿತು. ಫೋಟೋಬ್ಯಾಷಿನಲ್ಲಿ ಛಾಯಾಚಿತ್ರ ಕೈಯನ್ನು ಹಾಯದೆಯೇ ಕೃತಿಯನ್ನು ಹೊಗಬಲ್ಲದು. ಸೌಕರ್ಯವೂ ಅಪಾಯವೂ ಅದೇ.

ಹಾಗಾದರೆ ಈ ಪದ್ಧತಿ ಸಹಜವಾಗಿ ಒಪ್ಪುವ ವಸ್ತು ಯಾವುದು? ನಮ್ಮ ಲೋಕದಿಂದ ಏನನ್ನೋ ಕಳೆದರೆ ಉಳಿಯತಕ್ಕ ಲೋಕ ಎನ್ನಬಹುದು. ನಾಟಿ ಡಾಗ್ ಸಂಸ್ಥೆಯ 2013ರ ದಿ ಲಾಸ್ಟ್ ಆಫ್ ಅಸ್ ಎಂಬ ಆಟಕ್ಕಾಗಿ ಅಲ್ಲಿಯ ಕಲಾವಿದರು ರಚಿಸಿದ ಚಿತ್ರಗಳನ್ನು ನೋಡಿರಿ. ಮನುಷ್ಯರು ತೊರೆದ ಅಮೆರಿಕದ ನಗರಗಳು. ರಸ್ತೆಯಲ್ಲಿ ಮೊಳೆತ ಹುಲ್ಲು, ಗಗನಚುಂಬಿಗಳನ್ನು ತಬ್ಬಿದ ಬಳ್ಳಿ, ಕೆಸರಿನಲ್ಲಿ ಹೂತ ಕಾರುಗಳು. ಇಲ್ಲಿ ಗೋಡೆ ದಿಟವಾದ ಗೋಡೆಯಾಗಿದ್ದಷ್ಟೂ, ಕಾರು ನಾವು ದಿನವೂ ಕಾಣುವ ಕಾರಾಗಿದ್ದಷ್ಟೂ ಶೂನ್ಯತೆಯ ಭಾವ ಗಾಢವಾಗುತ್ತದೆ. ಛಾಯಾಚಿತ್ರದ ಸಾಕ್ಷಿಗುಣ ಇಲ್ಲಿ ರಸಕ್ಕೆ ಪೋಷಕ. ಇದಕ್ಕೆ ವಿಪರೀತವಾಗಿ, ಎಂದೂ ಯಾರೂ ಕಾಣದ ವಾಸ್ತುವೊಂದನ್ನು, ಬೇರೊಂದು ಗ್ರಹದ ಸಸ್ಯವನ್ನು ಕಲ್ಪಿಸಬೇಕಾದಾಗ ಈ ಪದ್ಧತಿ ಕೈಕೊಡುತ್ತದೆ. ಏಕೆಂದರೆ ಕ್ಯಾಮೆರಾ ಇರುವುದನ್ನಷ್ಟೇ ಬಲ್ಲದು. ಕಳೆದ ಇಪ್ಪತ್ತು ವರ್ಷಗಳ ಭವಿಷ್ಯನಗರಗಳ ಚಿತ್ರಗಳಲ್ಲಿ ಹಾಂಗ್‌ಕಾಂಗಿನ ಇಕ್ಕಟ್ಟಾದ ವಸತಿಕಟ್ಟಡಗಳೂ, ತುಕ್ಕುಹಿಡಿದ ಹಡಗಿನ ಒಡಲುಗಳೂ, ತೈಲಶುದ್ಧೀಕರಣ ಕಾರ್ಖಾನೆಯ ಕೊಳವೆಗಳೂ ಮರುಮರಳಿ ಬರುತ್ತಿರುವುದನ್ನು ನೋಡಿದರೆ, ಮನುಷ್ಯಜಾತಿಯ ಭವಿಷ್ಯವೆಲ್ಲ ಒಂದೇ ಕಡತದಲ್ಲಿ ಅಡಗಿದೆಯೇನೋ ಎಂಬ ಸಂದೇಹ ಬರುತ್ತದೆ. ಸಿಂಗಾಪುರದಲ್ಲಿ 2009ರಲ್ಲಿ ತನ್ನ ಶಾಲೆಯನ್ನು ತೆರೆದ ಫೆಂಗ್ ಝೂ ಮೊದಲಾದ ಶಿಕ್ಷಕರು ವಿದ್ಯಾರ್ಥಿಗಳಿಗೆ ರೇಖೆ ಮತ್ತು ವಿನ್ಯಾಸವನ್ನು ಕಲಿಸುವುದಕ್ಕೆ ಅಷ್ಟು ಹೊತ್ತನ್ನು ಮೀಸಲಿಡುವುದು ವ್ಯರ್ಥವಲ್ಲ.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಕರಡುಚಿತ್ರದ ಧರ್ಮ ಪ್ರಶ್ನೆಯನ್ನು ತೆರೆದಿಡುವುದು. ನಿರ್ದೇಶಕನು ಅದನ್ನು ನೋಡಿ, ಇಲ್ಲಿ ಸೇತುವೆ ಏಕೆ ಬೇಕು, ಗೋಪುರ ಹಿಂದಕ್ಕೆ ಸರಿದರೆ ಹೇಗೆ ಎಂದು ಕೇಳಬೇಕು; ಅರೆಬರೆಯಾದ ಗೆರೆ ಆ ಪ್ರಶ್ನೆಗೆ ಆಸ್ಪದ ಕೊಡುತ್ತದೆ. ಫೋಟೋಬ್ಯಾಷಿನ ಕರಡಿಗೆ ಎರಡು ಗಂಟೆಯಲ್ಲೇ ಎರಡು ತಿಂಗಳ ಪರಿಷ್ಕಾರದ ಮೆರುಗು ಬಂದುಬಿಡುತ್ತದೆ. ವಿಚಾರ ಇನ್ನೂ ಹೊಸ್ತಿಲಿನ ಆಚೆಗೆ ಇರುವಾಗಲೇ ಚಿತ್ರ ಒಳಗೆ ಬಂದು ಪೀಠವೇರಿ ಕುಳಿತಿರುತ್ತದೆ. ನೋಡಿದ ಧನಿಕನು ತೃಪ್ತನಾಗಿ ಒಪ್ಪಿಗೆಯ ಮುದ್ರೆಯೊತ್ತುತ್ತಾನೆ. ಇದರ ಫಲವನ್ನು ಉಣ್ಣುವವನು ಮುಂದಿನ ಮೇಜಿನ ತ್ರೀಡಿ ಮಾದರಿಕಾರ. ಅವನು ಆ ಊರನ್ನು ಎಲ್ಲ ಮಗ್ಗುಲುಗಳಿಂದಲೂ ಕಟ್ಟಬೇಕಾದವನು. ಕಟ್ಟಲು ಕುಳಿತಾಗ ಮಹಾದ್ವಾರದ ಹಿಂದೆ ಗೋಡೆಯೇ ಇಲ್ಲವೆಂದೂ, ಮೆಟ್ಟಿಲುಗಳು ಎಲ್ಲಿಗೂ ಹೋಗುವುದಿಲ್ಲವೆಂದೂ, ಒಂದು ಕಿಟಕಿ ಆಳೆತ್ತರ, ಪಕ್ಕದ ಕಿಟಕಿ ಆನೆಯೆತ್ತರವೆಂದೂ ಅವನಿಗೆ ತಿಳಿಯುತ್ತದೆ. ಗೆರೆ ಎಳೆದವನು ಮೆಟ್ಟಿಲು ಎಲ್ಲಿಗೆ ಹೋಗುತ್ತದೆಂದು ಒಮ್ಮೆಯಾದರೂ ಯೋಚಿಸಿರುತ್ತಾನೆ, ಎಳೆಯುವ ಶ್ರಮವೇ ಯೋಚಿಸುವಂತೆ ಮಾಡುತ್ತದೆ. ತುಂಡನ್ನು ಎತ್ತಿಟ್ಟವನಿಗೆ ಆ ನಿರ್ಬಂಧವಿಲ್ಲ.

ಪರಸ್ವದ ಪ್ರಶ್ನೆಗೆ ಈಗ ಬರಬೇಕು. ನಮ್ಮ ಆಲಂಕಾರಿಕರು ಇದನ್ನು ಕಾವ್ಯದ ಸಂದರ್ಭದಲ್ಲಿ ಬಹಳ ಹಿಂದೆಯೇ ಕೂಲಂಕಷವಾಗಿ ವಿಚಾರಮಾಡಿದ್ದಾರೆ. ಒಬ್ಬ ಕವಿಯ ಕೃತಿಗೂ ಇನ್ನೊಬ್ಬನ ಕೃತಿಗೂ ಇರುವ ಹೋಲಿಕೆಯನ್ನು ಆನಂದವರ್ಧನನು ಪ್ರತಿಬಿಂಬದಂತಿರುವುದು, ಆಲೇಖ್ಯದಂತಿರುವುದು, ತುಲ್ಯದೇಹಿಯಂತಿರುವುದು ಎಂದು ಮೂರಾಗಿ ವಿಂಗಡಿಸಿ, ಮೊದಲೆರಡನ್ನು ತ್ಯಾಜ್ಯವೆಂದೂ ಮೂರನೆಯದನ್ನು ಗ್ರಾಹ್ಯವೆಂದೂ ತೀರ್ಮಾನಿಸುತ್ತಾನೆ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಪರಪುರಪ್ರವೇಶವೆಂಬ ನಾಲ್ಕನೆಯದನ್ನು ಸೇರಿಸಿ, ಹರಣದ ಪ್ರಕಾರಗಳನ್ನು ಇನ್ನೂ ನುಣ್ಣಗೆ ಸೀಳುತ್ತಾನೆ. ಇಬ್ಬರ ತೂಕವೂ ಒಂದೇ ಕಡೆಗೆ: ತೆಗೆದುಕೊಂಡೆಯಾ ಎಂಬುದಕ್ಕಿಂತ, ತೆಗೆದುಕೊಂಡುದಕ್ಕೆ ಹೊಸದಾದ ಆತ್ಮ ಬಂದಿತೇ ಎಂಬ ಪ್ರಶ್ನೆ ದೊಡ್ಡದು. ರಸದ ನ್ಯಾಯಸ್ಥಾನದಲ್ಲಿ ಇದು ಸರಿ. ಆದರೆ ಛಾಯಾಚಿತ್ರದ ವಿಷಯದಲ್ಲಿ ಇದೊಂದೇ ಸಾಲದು. ಕವಿ ಪರರ ಭಾವವನ್ನು ಕೊಂಡಾಗ ಮೂಲ ಶ್ಲೋಕ ಅಲ್ಲಿಯೇ ಉಳಿದಿರುತ್ತದೆ, ವಿದ್ವಾಂಸರ ಸಭೆ ಅದನ್ನು ಗುರುತಿಸುತ್ತದೆ, ಹಲವೊಮ್ಮೆ ಗುರುತಿಸಿ ಆನಂದಿಸುತ್ತದೆ. ಗೋಡೆಯ ಬಿರುಕೊಂದರ ಛಾಯಾಚಿತ್ರವನ್ನು ಯಾವ ಸಭೆ ಗುರುತಿಸೀತು?

ಗುರುತಿಸಿದ ಪ್ರಸಂಗವೊಂದು ಉಂಟು. ಜೂಡಿ ಜುರಾಸೆಕ್ ಎಂಬ ಅಮೆರಿಕದ ವಿನ್ಯಾಸಕಿ ಕಲ್ಲು, ಮರ, ಲೋಹ, ಗಾಜು ಮುಂತಾದವುಗಳ ಮೇಲ್ಮೈಗಳನ್ನು ಛಾಯಾಚಿತ್ರವಾಗಿ ತೆಗೆದು 1996ರಲ್ಲಿ ಒಂದು ಪುಸ್ತಕವನ್ನಾಗಿ, ಜೊತೆಗೊಂದು ಸಿ.ಡಿ.ಯೊಡನೆ ಪ್ರಕಟಿಸಿದಳು. ವಾಣಿಜ್ಯಕ್ಕೆ ಬಳಸಬೇಕಾದರೆ ಆಕೆಯ ಅನುಮತಿ ಬೇಕಾಗಿದ್ದಿತು. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಆ ಪುಸ್ತಕದ ಎಂಬತ್ತಾದರೂ ಚಿತ್ರಗಳನ್ನು ತನ್ನ ಆಟಗಳಲ್ಲಿ ಇನ್ನೂರಕ್ಕೂ ಹೆಚ್ಚು ಕಡೆ ಬಳಸಿದೆಯೆಂದೂ, ರೆಸಿಡೆಂಟ್ ಈವಿಲ್ ನಾಲ್ಕನೆಯ ಆಟದ ಹೆಸರಿನ ಅಕ್ಷರಗಳಲ್ಲಿ ಕಾಣುವ ಒಡೆದ ಗಾಜು ತಾನು ತೆಗೆದ ಗಾಜೇ ಎಂದೂ ಆಕೆ 2021ರಲ್ಲಿ ದಾವೆ ಹೂಡಿದಳು. ಸಂಸ್ಥೆಯಿಂದ ಕಳುವಾಗಿ ಹೊರಬಿದ್ದಿದ್ದ ಕಡತಗಳಲ್ಲಿ ಒಂದರ ಹೆಸರು ಆಕೆಯ ಸಿ.ಡಿ.ಯಲ್ಲಿದ್ದ ಹೆಸರೇ ಆಗಿದ್ದಿತೆಂಬುದೂ ಆಕೆಯ ವಾದದಲ್ಲಿ ಸೇರಿತ್ತು. ಮರುವರ್ಷ ಉಭಯರೂ ರಾಜಿಯಾದರು. ನ್ಯಾಯಾಲಯದ ತೀರ್ಪು ಹೊರಬರಲಿಲ್ಲ. ಒಡೆದ ಗಾಜಿನ ಗೆರೆಗಳು ಎರಡು ಬಾರಿ ಒಂದೇ ರೀತಿ ಬೀಳುವುದಿಲ್ಲವೆಂಬ ಸಾಮಾನ್ಯ ಸಂಗತಿಯೊಂದು, ಕಲಾಶಾಲೆಯ ಯಾವ ಪಾಠಕ್ಕಿಂತಲೂ ಚೆನ್ನಾಗಿ, ಛಾಯಾಚಿತ್ರದ ತುಂಡು ತನ್ನ ಜನ್ಮಸ್ಥಾನವನ್ನು ಮರೆಯುವುದಿಲ್ಲವೆಂಬುದನ್ನು ಆ ಉದ್ಯಮಕ್ಕೆ ನೆನಪಿಸಿತು. ಅದಕ್ಕೆ ಮುಂಚೆ ಈ ಕಸುಬಿನವರಲ್ಲಿ, ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ಸಾಕಷ್ಟು ಬದಲಿಸಿದರೆ ಸಾಕು ಎಂಬ ಅಲಿಖಿತ ಶಾಸನ ನಡೆಯುತ್ತಿದ್ದಿತು. ಎಷ್ಟು ಬದಲಿಸಿದರೆ ಸಾಕು ಎಂಬುದನ್ನು ಮಾತ್ರ ತುಂಡನ್ನು ಎತ್ತಿದವನೇ ನಿರ್ಣಯಿಸುತ್ತಿದ್ದನು.

2022ರಲ್ಲಿ ವಾಕ್ಯವನ್ನು ಕೊಟ್ಟರೆ ಚಿತ್ರವನ್ನು ಕೊಡುವ ಯಂತ್ರಗಳು ಸಾರ್ವಜನಿಕರ ಕೈಸೇರಿದುವು. ಅವುಗಳಲ್ಲೊಂದಾದ ಸ್ಟೇಬಲ್ ಡಿಫ್ಯೂಷನ್ನಿಗೆ ಪಾಠ ಹೇಳಿದ್ದು ಅಂತರ್ಜಾಲದಿಂದ ಬಾಚಿದ, 585 ಕೋಟಿ ಚಿತ್ರಗಳ ಪಟ್ಟಿಯೊಂದರ ಭಾಗಗಳಿಂದ. ಮರುವರ್ಷದ ಜನವರಿಯಲ್ಲಿ ಕಾನ್ಸೆಪ್ಟ್ ಕಲಾವಿದೆ ಕಾರ್ಲಾ ಓರ್ಟಿಜ್ ಮೊದಲಾದವರು ಕ್ಯಾಲಿಫೋರ್ನಿಯದಲ್ಲಿ ಮೊಕದ್ದಮೆ ಹೂಡಿದರು. ಆಗ ಕೆಲವರು ಫೋಟೋಬ್ಯಾಷಿನವರನ್ನು ನೋಡಿ ನಕ್ಕರು: ಪರರ ಚಿತ್ರಗಳನ್ನು ಕೇಳದೆ ಕೊಂಡವರು ನೀವು, ಇಂದು ನಿಮ್ಮ ಚಿತ್ರಗಳನ್ನು ಕೇಳದೆ ಕೊಂಡರೆ ದೂರುವುದೇಕೆ? ಈ ಕುಹಕದಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಿಕೊಳ್ಳುವುದು ಮರ್ಯಾದೆ. ಆದರೆ ಉಳಿದರ್ಧ ಕುಹಕಿಗಳಿಗೆ ಕಾಣಿಸಿಲ್ಲ. ಫೋಟೋಬ್ಯಾಷಿನ ಕಲಾವಿದನು ಇಂಥ ತುಂಡನ್ನು ಇಂಥ ಕಡೆಯಿಂದ ಎತ್ತಿದೆನೆಂದು ಬಲ್ಲನು, ಕೇಳಿದರೆ ಲೇಯರನ್ನು ತೆರೆದು ತೋರಿಸಬಲ್ಲನು, ತಪ್ಪೆಂದರೆ ತೆಗೆಯಬಲ್ಲನು. ಆ ಯಂತ್ರದ ಚಿತ್ರದಲ್ಲಿ ತೆರೆದು ತೋರಿಸಲು ಲೇಯರೇ ಇಲ್ಲ. ಮತ್ತೊಂದು ವಿನೋದವೆಂದರೆ, ಸಜ್ಜಾದ ನೆರಳಿನಂಥ ತೊಡಕುಗಳನ್ನು ಯಂತ್ರವು ಬಹುಮಟ್ಟಿಗೆ ನಿವಾರಿಸಿಕೊಂಡುಬಿಟ್ಟಿದೆ, ಬೆಳಕು ಬಹುತೇಕ ಒಂದೇ ಕಡೆಯಿಂದ ಬೀಳುತ್ತದೆ. ಆದರೆ ಎಲ್ಲಿಗೂ ಹೋಗದ ಮೆಟ್ಟಿಲುಗಳು ಮೊದಲಿಗಿಂತ ಸಮೃದ್ಧವಾಗಿ ಬೆಳೆದಿವೆ. ಫೋಟೋಬ್ಯಾಷಿನಲ್ಲಿ ಬೇರೂರಿದ್ದ ವ್ಯಾಧಿ, ಮುಗಿಯದ ವಿಚಾರಕ್ಕೆ ಮುಗಿದ ಮೈಬಣ್ಣ, ಯಂತ್ರದಲ್ಲಿ ಪೂರ್ಣಾವತಾರವನ್ನು ತಾಳಿದೆ.

ಈ ವಿಷಯ ನಮಗೆ ಹೊರಗಿನದೆಂದು ಭಾವಿಸಬೇಕಾಗಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಹೊರದೇಶದ ಆಟಗಳಿಗೆ ಚಿತ್ರವನ್ನೂ ಮಾದರಿಯನ್ನೂ ಒದಗಿಸುತ್ತ ಬೆಳೆದು, 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ವಶವಾದ ಧ್ರುವ ಇಂಟರಾಕ್ಟಿವ್ ಮೊದಲುಗೊಂಡು ಇಂಥ ಕೆಲಸದ ಮನೆಗಳು ನಮ್ಮ ನಗರದಲ್ಲಿ ಉಂಟು. ನಮ್ಮ ಹುಡುಗರೂ ಹುಡುಗಿಯರೂ ಅವುಗಳಲ್ಲಿ ನೈಪುಣ್ಯದಿಂದ ದುಡಿಯುತ್ತಿದ್ದಾರೆ. ಅವರ ಸ್ವಂತ ಕೃತಿಗಳನ್ನು ಅಂತರ್ಜಾಲದಲ್ಲಿ ನೋಡುವಾಗ ನನಗೆ ಎದ್ದುಕಾಣುವುದು ಒಂದು ವಿಚಿತ್ರ. ಕಥೆ ವಿಜಯನಗರದ್ದೆನ್ನುತ್ತಾರೆ, ಕೋಟೆಯ ಕಲ್ಲು ಯೂರೋಪಿನದು. ಮಲೆನಾಡಿನ ಕಾಡೆನ್ನುತ್ತಾರೆ, ಮರಗಳು ಹಿಮದ ನಾಡಿನ ಪೈನ್ ಮರಗಳು. ಮಾರಾಟಕ್ಕೆ ದೊರೆಯುವ ಛಾಯಾಚಿತ್ರಗಳ ಕಟ್ಟುಗಳಲ್ಲಿ ಇರುವುದು ಹೆಚ್ಚಾಗಿ ಅವೇ ಆದುದರಿಂದ ಕೈ ಅಲ್ಲಿಗೇ ಹೋಗುತ್ತದೆ. ಚಿತ್ರದ ವಿಷಯವನ್ನು ಕಥೆ ನಿರ್ಣಯಿಸಿದರೂ ಅದರ ಮೈಯನ್ನು ಕಡತ ನಿರ್ಣಯಿಸುತ್ತದೆ. ತುಂಗಭದ್ರೆಯ ದಡದ ಗುಂಡುಕಲ್ಲುಗಳ ಮೇಲೆ ಮಳೆನೀರು ಹರಿದು ಬಿಟ್ಟ ಕರಿಯ ಪಟ್ಟೆಗಳು, ಕರಾವಳಿಯ ಮಂಗಳೂರು ಹೆಂಚಿನ ಮೇಲೆ ಆಷಾಢದ ಹೊತ್ತಿಗೆ ಏರುವ ಪಾಚಿ, ಬಾದಾಮಿಯ ಮರಳುಗಲ್ಲಿನ ಸಂಜೆಯ ಕೆಂಪು ಇವು ಆ ಕಟ್ಟುಗಳಲ್ಲಿ ಇಲ್ಲ. ಇವನ್ನು ಸ್ವತಃ ಹೋಗಿ ತೆಗೆದುಕೊಂಡು ಬರುವವರು ಒಬ್ಬಿಬ್ಬರು ಈಚೆಗೆ ಕಾಣಿಸಿಕೊಂಡಿದ್ದಾರೆ. ಅವರ ಚಿತ್ರಗಳಲ್ಲಿ ಪರ್‌ಸ್ಪೆಕ್ಟಿವಿನ ದೋಷಗಳು ಇನ್ನೂ ಇವೆ, ವಿವರ ಅತಿಯಾಗಿದೆ, ಕಿಡಿ ಹೊಗೆಗಳ ಮೇಲಿನ ಮೋಹ ಕಳೆದಿಲ್ಲ. ಆದರೆ ಹಂಪೆಯಲ್ಲಿ ಬೆಳಗಿನ ಏಳಕ್ಕೂ ಹನ್ನೊಂದಕ್ಕೂ ಕಲ್ಲು ಬೇರೆಬೇರೆಯಾಗಿ ಕಾಣುತ್ತದೆಂಬುದನ್ನು ಕಂಡುಬಂದವರು ಅವರು, ಮತ್ತು ಅವರ ಚಿತ್ರದ ನೆರಳುಗಳು ಒಂದೇ ಕಡೆಗೆ ಬೀಳುತ್ತಿವೆ.